ಬಿಳಿ ಬೆಳಕಿನ ಅಕ್ಕೋರು

ಹುನಗುಂದದ ಮೇಲಿಂದ ಇಳಕಲ್ಲಿಗೆ ಹೊರಟಿದ್ದ ಬಸ್ಸು ಅಮೀನಗಡದಲ್ಲಿ ನಿಂತಿತು. ಕೆಳಗಿಳಿದು ಕರದಂಟಿನ ಅಂಗಡಿಯ ಮುಂದೆ ನಿಂತಿದ್ದೆ. ಹೆಗಲ ಮೇಲೆ ಸೀರೆಯ ಗಂಟು ಹೊತ್ತ ಒಬ್ಬ ಮುದುಕ ನನ್ನನ್ನು ದಿಟ್ಟಿಸಿ ನೋಡುತ್ತ ಹತ್ತಿರ ಬಂದ. ಇಳಕಲ್ಲಿನ ನೇಕಾರ. ನಾನು ಅಲ್ಲಿಯ ಶಾಲೆಯಲ್ಲಿದ್ದಾಗ ನಮ್ಮ ಓಣಿಯಲ್ಲೇ ಇದ್ದವ.

“ನೀವು ಅಕ್ಕೋರ ಮನ್ಯಾಗ ಬಾಡಗಿ ಇದ್ದವರಲ್ಲೇನ್ರಿ?” ಎಂದ.

ಹೌದೆಂದೆ.

“ಹೋದ್ರು ನೋಡ್ರಿ ನಿಮ್ಮ ಬಿಳಿ ಬೆಳಕಿನ ಅಕ್ಕೋರು. ಹೋದ ಅಮಾಸಿ ಮುಂದ.” ಆಮೇಲೆ ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದ. “ದೊಡ್ಡ ಜೀವ ಬಿಡ್ರಿ. ಆದ್ರ ಸಂಜಿಕಡೆ ಆ ಮನಿ ಮುಂದ ಹಾಯಬೇಕಂದ್ರ ಈಗೂ ಎದಿ ಝಲ್ ಅಂತೈತಿ.”

ಬಸ್ಸು ಹತ್ತಿದ ಮೇಲೆ ಕೈಯಲ್ಲಿದ್ದ ಕರದಂಟಿನ ಪೊಟ್ಟಣ ಬಿಚ್ಚುವ ಮನಸ್ಸಾಗಲಿಲ್ಲ. ಹುನಗುಂದದಲ್ಲಿ ಇಳಿಯಬೇಕಾಗಿದ್ದವಳು ಇಳಿಯದೆ ಇಳಕಲ್ಲಿಗೆ ಇನ್ನೊಂದು ಟಿಕೆಟ್ಟು ತೆಗೆಸಿದೆ.

ಅಕ್ಕೋರು ಎಂದರೆ ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಗಳು. ಇಳಕಲ್ಲಿನಲ್ಲಿ ಅಂಥವರು ಬೇಕಾದಷ್ಟು ಮಂದಿ ಇದ್ದರು, ನಾನೂ ಒಬ್ಬಳು. ಆದರೆ ಹಿಂದೆ ಮುಂದೆ ಏನೂ ಹಚ್ಚದೆ ಬರೀ ‘ಅಕ್ಕೋರು’ ಎಂದರೆ ಇವರೊಬ್ಬರೇ. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣಲಿಲ್ಲ, ಇಲ್ಲಿ ನಾನೂ ಕರೆಯುವುದಿಲ್ಲ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ. ಎತ್ತರದ ಆಳು, ಎಲುಬು ಎದ್ದು ಕಾಣುವ ಮೈ, ನೀಲಿ ಚೌಕಡಿಯ ಕೈಮಗ್ಗದ ಸೀರೆ, ಹಣೆಗೆ ವಿಭೂತಿ. ಮಾತಾಡುವಾಗ ಎದುರಿನವರ ಕಣ್ಣು ನೋಡುತ್ತಿರಲಿಲ್ಲ, ತುಟಿ ನೋಡುತ್ತಿದ್ದರು. ಹೊಸಬರಿಗೆ ಇದರಿಂದ ತಾವು ಏನೋ ತಪ್ಪು ಮಾತಾಡಿದೆವೆನ್ನುವ ಹಾಗೆ ಆಗುತ್ತಿತ್ತು.

ಎಪ್ಪತ್ತರ ದಶಕದ ನಡುವಿನಲ್ಲಿ, ಕೆಲಸ ಸಿಕ್ಕ ಹೊಸದರಲ್ಲಿ, ಚೊಳಚಗುಡ್ಡದಿಂದ ಒಂದು ಟ್ರಂಕು ಹಿಡಿದುಕೊಂಡು ನಾನು ಅವರ ಮನೆಗೆ ಬಂದೆ. ಮುಂದಿನ ಕೋಣೆ ನನಗೆ ಬಾಡಿಗೆಗೆ ಕೊಡುವುದೆಂದು ಮಾತಾಗಿತ್ತು. ಬಂದಾಗ ಕರೆಂಟು ಇರಲಿಲ್ಲ. ಹೊತ್ತು ಮುಳುಗಿತ್ತು. ಪಡಸಾಲೆಯ ಕತ್ತಲಲ್ಲಿ ಅವರು ಕಂಬಕ್ಕೆ ಒರಗಿ, ನಾನು ಟ್ರಂಕಿನ ಮೇಲೆ ಕೂತು ಮಾತಾಡುತ್ತಿದ್ದೆವು. ಅವರ ಮುಖ ನಾನಿನ್ನೂ ಸರಿಯಾಗಿ ನೋಡಿರಲಿಲ್ಲ, ಬರೀ ದನಿ ಕೇಳುತ್ತಿತ್ತು. ಮೆತ್ತಗಿನ, ಪ್ರಾಯದ ಹೆಂಗಸಿನ ದನಿ.

ಇದ್ದಕ್ಕಿದ್ದಂತೆ ತಲೆಯ ಮೇಲೆ ಯಾವುದೋ ಹುಳ ಗುಂಯ್ ಎಂದಂತಾಯಿತು. ಪಡಸಾಲೆಯೆಲ್ಲ ಒಮ್ಮೆ ಬೆಳ್ಳಗೆ ಮಿಂಚಿ ಮತ್ತೆ ಕತ್ತಲಾಯಿತು. ಮತ್ತೆ ಮಿಂಚಿತು. ಆ ಮಿಂಚಿನಲ್ಲಿ ಕಂಬದ ಬಳಿ ಒಂದು ಮುಖ ಕಂಡಿತು, ಕಣ್ಣು ತೆರೆದ ಮುಖ. ಮುಂದಿನ ಮಿಂಚಿಗೆ ಕಣ್ಣು ಮುಚ್ಚಿತ್ತು. ಅದರ ಮುಂದಿನದಕ್ಕೆ ಬಾಯಿ ಏನೋ ಆಡುತ್ತಿತ್ತು, ಮಾತು ಕೇಳಲಿಲ್ಲ. ಒಂದೊಂದು ಸಲವೂ ಬೇರೆ ಬೇರೆ ಹೆಂಗಸು ಅಲ್ಲಿ ಕೂತಂತೆ ಕಾಣುತ್ತಿತ್ತು, ಒಬ್ಬಳು ಎಳೆಯವಳು, ಒಬ್ಬಳು ಮುದುಕಿ, ಒಬ್ಬಳಿಗೆ ಜೀವವೇ ಇಲ್ಲ. ನಾನು ಎದ್ದು ನಿಂತುಬಿಟ್ಟಿದ್ದೆ. ಕೊನೆಗೆ ಬೆಳಕು ನಿಂತಿತು.

“ಅಂಜಿದೆ ಏನ ತಂಗಿ?” ಎಂದು ಅವರು ನಕ್ಕರು. “ವೋಲ್ಟೇಜ್ ಕಡಿಮಿ ಇದ್ರ ಟ್ಯೂಬ್‌ಲೈಟ್ ಹಿಂಗ ಮಾಡತೈತಿ. ಬಲ್ಬ್ ಆಗಿದ್ರ ಕೆಂಡದಂಗರ ಕೆಂಪಗ ಹತ್ತತಿತ್ತು. ಇದಕ್ಕ ಅರ್ಧಂಬರ್ಧ ಹತ್ತೂದು ಗೊತ್ತಿಲ್ಲ.”

ಆ ಓಣಿಯಲ್ಲಿ ಟ್ಯೂಬ್‌ಲೈಟು ಇದ್ದದ್ದು ಅವರ ಮನೆಯಲ್ಲಿ ಮಾತ್ರ. ಉಳಿದವರದೆಲ್ಲ ಹಳದಿ ಬಲ್ಬು. ಪಡಸಾಲೆಯ ತೊಲೆಗೆ ಅವರು ಟ್ಯೂಬು, ಬಲ್ಬು ಎರಡನ್ನೂ ಹಾಕಿಸಿ, ಗೋಡೆಗೆ ಅಕ್ಕಪಕ್ಕ ಎರಡು ಸ್ವಿಚ್ಚು ಇಟ್ಟಿದ್ದರು. ಸಕ್ಕರೆ ಕಡ ಕೇಳಲು ಬಂದವರನ್ನೂ ಅದರ ಕೆಳಗೆ ನಿಲ್ಲಿಸಿಕೊಳ್ಳುತ್ತಿದ್ದರು. ಮೊದಲು ಬಲ್ಬು ಹಚ್ಚಿ ಮೀಟರಿನ ಬಳಿ ಕರೆದೊಯ್ಯುವುದು. ಒಳಗಿನ ತಗಡಿನ ಚಕ್ರ ತಿರುಗುವುದನ್ನು ತೋರಿಸುವುದು. ಆಮೇಲೆ ಅದನ್ನು ಆರಿಸಿ ಟ್ಯೂಬು ಹಚ್ಚುವುದು.

“ನೋಡ್ರಿ, ಆಗ ಓಡತಿತ್ತು. ಈಗ ನಡಿಯಾಕ ಹತ್ತೇತಿ. ಬೆಳಕು ಮಾತ್ರ ಹೆಚ್ಚಾತೋ ಇಲ್ಲೋ?”

ಬಂದವರು ಹೌದ್ರಿ ಎನ್ನುತ್ತಿದ್ದರು. ಅವರ ಕೈ ಹಿಡಿದು ಬಲ್ಬಿನ ಹತ್ತಿರ ಒಯ್ದು ಬಿಸಿ ತಾಗಿಸಿ, “ಇದು ದೀಪ ಅಲ್ರಿ, ಒಲಿ. ಕರೆಂಟ್ ಎಲ್ಲಾ ಕಾವಿಗೇ ಹೋಗತೈತಿ, ಉಳದದ್ದು ಏನೋ ಚೂರು ಬೆಳಕಾಗತೈತಿ,” ಎನ್ನುತ್ತಿದ್ದರು.

ಆದರೆ ಟ್ಯೂಬಿನ ಐಬನ್ನೂ ಮುಚ್ಚಿಡುತ್ತಿರಲಿಲ್ಲ. ಹಾಕಿಸುವಾಗ ಖರ್ಚು ಹೆಚ್ಚು, ಚೋಕು ಗುಂಯ್‌ಗುಡುತ್ತದೆ, ಸ್ಟಾರ್ಟರು ಕೆಡುತ್ತದೆ ಎಂದು ಅವರೇ ಹೇಳಿಬಿಡುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಐಬನ್ನು ನೇಕಾರರು ಕಂಡುಹಿಡಿದರು. ಸೆರಗಿನ ಕೆಂಪು ಆ ಬೆಳಕಿನಲ್ಲಿ ಕೆಂಪಾಗಿ ಕಾಣುತ್ತಿರಲಿಲ್ಲ. ಒಣಗಿದ ರಕ್ತದ ಹಾಗೆ ಕಪ್ಪಿಡುತ್ತಿತ್ತು. “ಏ, ಇದು ಹೆಣದ ಬೆಳಕ್ರಿ ಅಕ್ಕೋರ,” ಎಂದು ಒಬ್ಬ ನೇಕಾರ ಸೀರೆ ಮಡಚಿಕೊಂಡು ಎದ್ದದ್ದು ನನಗೆ ನೆನಪಿದೆ. ಅಕ್ಕೋರಿಗೆ ಸಿಟ್ಟು ಬರಲಿಲ್ಲ. ಸೀರೆಯನ್ನು ತಿರುಗಿ ಬಿಚ್ಚಿಸಿ ಒಮ್ಮೆ ಬಲ್ಬಿನಲ್ಲಿ, ಒಮ್ಮೆ ಟ್ಯೂಬಿನಲ್ಲಿ ನೋಡಿ, “ಖರೆ ಐತಿ. ಇದರಾಗ ಕೆಂಪು ಭಾಳ ಕಡಿಮಿ. ನೇಯಾಕ ಇದು ಇರಲಿ, ಗಿರಾಕಿಗೆ ತೋರಸಾಕ ಅದು ಇರಲಿ,” ಎಂದರು.

ಅಂದಿನಿಂದಲೇ ಇರಬೇಕು, ಅವರು ಆ ಬೆಳಕಿನಲ್ಲಿ ಸೀರೆಯ ಬದಲು ಮುಖಗಳನ್ನು ನೋಡಲು ಶುರುಮಾಡಿದ್ದು.

ಯಾರ ಮುಖವಾದರೂ ಟ್ಯೂಬಿನ ಕೆಳಗೆ ತುಸು ಸತ್ತಂತೆಯೇ ಕಾಣುತ್ತದೆ. ಅದು ಅವರಿಗೆ ಗೊತ್ತಿತ್ತು. ಅದಕ್ಕೇ ತಮ್ಮ ಅಂಗೈಯನ್ನು ಎದುರಿನವರ ಕೆನ್ನೆಯ ಪಕ್ಕ ಹಿಡಿದು, ಎರಡನ್ನೂ ಹೋಲಿಸುತ್ತಿದ್ದರು. ಮುಟ್ಟುತ್ತಿರಲಿಲ್ಲ. ಹಿಡಿದ ಕೈ ಹಾಗೇ ಗಾಳಿಯಲ್ಲಿ ನಿಂತಿರುತ್ತಿತ್ತು. ಮಾತಿನ ನಡುವೆ ಕೈ ಎತ್ತಿದರೆಂದರೆ ಕೂತವರ ಮಾತು ತಾನೇ ನಿಲ್ಲುತ್ತಿತ್ತು.

ನಮ್ಮ ಮನೆಯ ಹಿಂದೆ, ಓಣಿ ಸುತ್ತಿ ಹೋಗಬೇಕಾದ ಮನೆಯಲ್ಲಿ ಮಲ್ಲಪ್ಪ ಎಂಬ ಬಣ್ಣಗಾರನಿದ್ದ. ನೂಲಿಗೆ ಬಣ್ಣ ಹಾಕುವ ಮನೆತನ. ಗಟ್ಟಿ ಆಳು, ನೂಲಿನ ದೊಡ್ಡ ದೊಡ್ಡ ಲಡಿಗಳನ್ನು ಕುದಿಯುವ ಹಂಡೆಯಿಂದ ಕೋಲಿಗೆ ಸುತ್ತಿ ಒಬ್ಬನೇ ಎತ್ತುತ್ತಿದ್ದ. ಆ ವರ್ಷ ಯಾವನೋ ವ್ಯಾಪಾರಿ ಕೆಂಪಿಗೆಂದು ಒಂದು ಹೊಸ ಪುಡಿ ತಂದುಕೊಟ್ಟಿದ್ದ. ಬಣ್ಣ ಚೆನ್ನಾಗಿ ಹಿಡಿಯುತ್ತದೆಂದು ಮಲ್ಲಪ್ಪ ಖುಷಿಯಲ್ಲಿದ್ದ. ಮಳೆಗಾಲವಾದ್ದರಿಂದ ಹಂಡೆಗಳನ್ನು ಅಂಗಳದಿಂದ ಒಳಗಿನ ಕಿಟಕಿಯಿಲ್ಲದ ಕೋಣೆಗೆ ಸಾಗಿಸಿದ್ದ.

ಒಂದು ಸಂಜೆ ಅವನು ಏನೋ ಕೇಳಲು ಬಂದು ಪಡಸಾಲೆಯಲ್ಲಿ ಕೂತ. ಅಕ್ಕೋರು ಮಾತಾಡುತ್ತಿದ್ದವರು ನಿಲ್ಲಿಸಿದರು. ಅವರ ಕೈ ಮೇಲೆ ಬಂತು.

“ಮಲ್ಲಪ್ಪಣ್ಣ, ಹಂಗ ಕೂಡು. ಅಲ್ಲಾಡಬ್ಯಾಡ.”

ಎದ್ದು ಹೋಗಿ ಟ್ಯೂಬು ಆರಿಸಿ ಬಲ್ಬು ಹಚ್ಚಿದರು. ಅವನು ಆರೋಗ್ಯವಂತನಂತೆ, ಕೆಂಪಗೆ, ನಗುತ್ತ ಕೂತಿದ್ದ. ಬಲ್ಬು ಆರಿಸಿ ಟ್ಯೂಬು ಹಚ್ಚಿದರು. ಎರಡು ಮಿಂಚು ಮಿಂಚಿ ಬೆಳಕು ನಿಂತಾಗ ನಾನೂ ಕಂಡೆ. ನಗುತ್ತಿದ್ದ ಆ ಬಾಯಿಯ ತುಟಿಗಳು ಸೀಸದ ಬಣ್ಣಕ್ಕೆ ತಿರುಗಿದ್ದವು. ಉಗುರುಗಳೂ ಹಾಗೇ. ಅವನು ಮಾತ್ರ ನಗುತ್ತಲೇ ಇದ್ದ.

“ತಲಿ ನೋಯತೈತೇನು? ದಮ್ಮ ಹತ್ತತೈತೇನು?”

“ಕೆಲಸಾ ಮಾಡೂ ಮಂದಿಗೆ ಅದೆಲ್ಲಾ ಇದ್ದದ್ದ ಬಿಡ್ರಿ ಅಕ್ಕೋರ.”

“ನಾಳೆ ದವಾಖಾನಿಗೆ ಹೋಗು. ಸುಮ್ನ ಹೇಳಾಕ ಹತ್ತಿಲ್ಲ ನಾ.”

ಹೂಂ ಎಂದು ಹೋದ. ಹೋಗಲಿಲ್ಲ. ಆ ವಾರವೇ, ಹಂಡೆಯ ಪಕ್ಕದಲ್ಲಿ ಕುಸಿದು ಬಿದ್ದವನು ಏಳಲಿಲ್ಲ. ಎದೆ ಹಿಡಿಯಿತಂತೆ ಎಂದರು ಮಂದಿ.

ಸಾವಿನ ಮನೆಯಿಂದ ಮರಳಿ ಬಂದ ಅಕ್ಕೋರು ಬಾಗಿಲ ಬಳಿ ಬಹಳ ಹೊತ್ತು ನಿಂತಿದ್ದರು. ಒಳಗೆ ಬಂದು ದೀಪ ಹಚ್ಚಲಿಲ್ಲ.

ಅಂದು ಪಡಸಾಲೆಯಲ್ಲಿ ನಡೆದದ್ದು ಓಣಿಗೆ ಹೇಗೆ ಗೊತ್ತಾಯಿತೋ. ಮಲ್ಲಪ್ಪನೇ ನಗುತ್ತ ನಾಲ್ಕು ಮಂದಿಗೆ ಹೇಳಿದ್ದನೆಂದು ಆಮೇಲೆ ತಿಳಿಯಿತು. ಅಕ್ಕೋರ ದೀಪದಲ್ಲಿ ಸಾವು ಕಾಣುತ್ತದೆ ಎಂಬ ಮಾತು ಹಬ್ಬಿತು. ಆಮೇಲಾಮೇಲೆ ಅದು ಬದಲಾಗಿ, ಅಕ್ಕೋರ ದೀಪ ಬಿದ್ದವರಿಗೆ ಸಾವು ಬರುತ್ತದೆ ಎಂದಾಯಿತು. ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಯ ಮುಂದೆ ಹಾಯುವ ಹೆಂಗಸರು ಸೆರಗನ್ನು ಮುಖದ ತುಂಬ ಎಳೆದುಕೊಳ್ಳುತ್ತಿದ್ದರು. ಕಿಟಕಿಯಿಂದ ಓಣಿಗೆ ಬೀಳುತ್ತಿದ್ದ ಬಿಳಿಯ ಪಟ್ಟಿಯನ್ನು ಮಕ್ಕಳು ಜಿಗಿದು ದಾಟುತ್ತಿದ್ದವು. ಸಂಜೆಯ ಪಾಠಕ್ಕೆ ಬರುತ್ತಿದ್ದ ಹುಡುಗಿಯರು ಒಬ್ಬೊಬ್ಬರಾಗಿ ನಿಂತರು. ಹಿರಿಯರೊಬ್ಬರು ಬಂದು ಹೊಸ್ತಿಲಾಚೆಯೇ ನಿಂತು, “ಅಕ್ಕೋರ, ಸಂಜಿಕಡೆ ಆ ಕಿಟಕಿ ಒಂದು ಮುಚ್ಚಿಕೋಂತ ಬರ್ರಿ,” ಎಂದು ಬೇಡಿಕೊಂಡರು. ಅಕ್ಕೋರು ಮರುಮಾತಿಲ್ಲದೆ ಮುಚ್ಚಿದರು.

ಮುಚ್ಚಿದ ಮೇಲೆ ಹೆದರಿಕೆ ಇನ್ನೂ ಹೆಚ್ಚಾಯಿತು. ಕದದ ಸಂದಿಯಿಂದ ಹೊರಬೀಳುವ ಬಿಳಿ ಗೆರೆಯೇ ಸಾಕಾಗಿತ್ತು. ಒಂದು ಸಂಜೆ ಅಟ್ಟದ ಬೆಳಕಿಂಡಿಯಿಂದ ಒಂದು ಕಲ್ಲು ಬಂದು ಟ್ಯೂಬು ಫಟ್ಟೆಂದು ಒಡೆಯಿತು. ಒಳಗಿನ ಬಿಳಿಯ ಪುಡಿ ಪಡಸಾಲೆಯಲ್ಲೆಲ್ಲ ಹರಡಿಕೊಂಡಿತು. ಮರುದಿನ ಗುಡಿಸಿದ ಚೂರು, ಪುಡಿಯನ್ನು ಹೊರಗೆ ಗುಂಡಿ ತೋಡಿ ಹೂಳುವಾಗ ಎದುರು ಮನೆಯವರು ನೋಡಿದರು. ಅದು ಎಲುಬಿನ ಬೂದಿ ಎಂದು ಸಂಜೆಯೊಳಗೆ ಊರಿಗೆಲ್ಲ ಆಯಿತು. ಅಕ್ಕೋರು ಹೊಸ ಟ್ಯೂಬು ತಂದು ಹಾಕಿದರು.

“ಇದನ್ನ ಬಿಟ್ಟು ಬಲ್ಬ್ ಹಚ್ಚಿಬಿಡ್ರಿ ಅಕ್ಕೋರ. ಯಾತಕ್ಕ ಬೇಕು ಮಂದಿ ಮಾತು?” ಎಂದೆ ನಾನು.

“ಬಲ್ಬ್ ಎಲ್ಲಾರನ್ನೂ ಚಲೋ ತೋರಸತೈತಿ ತಂಗಿ,” ಎಂದರು. ಆಮೇಲೆ, ನಾನು ಕೇಳದಿದ್ದರೂ, ಹೇಳಿದರು. ಅವರ ತಾಯಿ ಕಾಯಿಲೆ ಬಿದ್ದು ನಡುಮನೆಯ ಕತ್ತಲಲ್ಲಿ ಮಲಗಿದ್ದರಂತೆ. ಹಗಲಿನ ಬೆಳಕು ಬಾರದ ಕೋಣೆ. ದಿನವೂ ಸಂಜೆ ಬಲ್ಬು ಹಚ್ಚಿ ನೋಡಿದಾಗ ಮುಖ ಬಂಗಾರದಂತೆ ಕಾಣುತ್ತಿತ್ತಂತೆ, ಹುಷಾರಾಗುತ್ತಿದ್ದಾಳೆ ಎಂದು ಎಲ್ಲರೂ ಸಮಾಧಾನ ಪಟ್ಟರಂತೆ. “ಕಡಿಗೆ ಅಂಗಳಕ್ಕ ತಂದು ಬಿಸಲಾಗ ಹಾಕಿದಾಗ ನೋಡಿದ್ವಿ. ಕಣ್ಣು, ಉಗುರು ಎಲ್ಲಾ ಅರಿಷಿಣ. ಕಾಮಣಿ ಬ್ಯಾನಿ. ಅಷ್ಟೂ ದಿನ ಅವ್ವ ನಮ್ಮ ಮುಂದ ಸಾಯಾಕ ಹತ್ತಿದ್ಲು. ನಾವು ಚಲೋ ಅದಾಳಂತ ಮಲಕೊಂತಿದ್ವಿ.”

ಹೇಳುತ್ತಿದ್ದವರು ಸುಮ್ಮನಾಗಿ ನನ್ನ ಮುಖ ನೋಡತೊಡಗಿದರು. ಕೈ ಎತ್ತಿ ನನ್ನ ಕೆನ್ನೆಯ ಬಳಿ ಹಿಡಿದರು. ತಲೆಯ ಮೇಲೆ ಚೋಕು ಗುಂಯ್‌ಗುಡುತ್ತಿತ್ತು.

“ಏನ್ರಿ ಅಕ್ಕೋರ?”

“ಏನಿಲ್ಲ,” ಎಂದು ಕೈ ಕೆಳಗಿಳಿಸಿದರು. “ನೀ ಅಲ್ಲ, ಬ್ಯಾರೆ ಯಾರೋ ಕೂತಂಗಾತು.”

ಎಷ್ಟೋ ದಿನ ನಾನು ಕನ್ನಡಿ ನೋಡಲು ಹೆದರಿದೆ. ಊರಿನವರ ಹೆದರಿಕೆಯನ್ನು ನಕ್ಕು ತೆಗೆದುಹಾಕುವುದು ಆಮೇಲೆ ನನ್ನಿಂದ ಆಗಲಿಲ್ಲ.

ಅವರಿಗೆ ಎಲ್ಲವೂ ಕಾಣುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಒಬ್ಬ ತಾಯಿ ಯಾರಿಗೂ ಕಾಣದಂತೆ ಹಿತ್ತಲ ಬಾಗಿಲಿನಿಂದ ಬಂದು ತನ್ನ ಕೂಸನ್ನು ಟ್ಯೂಬಿನ ಕೆಳಗೆ ಹಿಡಿದಳು. “ಉಳೀತೈತೋ ಇಲ್ಲೋ ಅಷ್ಟ ಹೇಳಿಬಿಡ್ರಿ,” ಎಂದಳು. ಅಕ್ಕೋರು ಗದರಿದರು, ನಾನೇನು ಕಣಿ ಹೇಳುವವಳೇ ಎಂದರು. ಅವಳು ಕಾಲು ಹಿಡಿದಳು. ಕೊನೆಗೆ ನೋಡಿದರು. ಕೂಸಿನ ಮುಖ ಚೆನ್ನಾಗಿಯೇ ಇತ್ತು. ಏನೂ ಕಾಣುವುದಿಲ್ಲ, ಆದರೂ ಡಾಕ್ಟರರಿಗೆ ತೋರಿಸು ಎಂದು ಕಳಿಸಿದರು. ಆ ಕೂಸು ಉಳಿಯಲಿಲ್ಲ. ತಾಯಿ ಬಂದು ಬೈದಿದ್ದರೆ ಅಕ್ಕೋರಿಗೆ ಹಗುರಾಗುತ್ತಿತ್ತೋ ಏನೋ. ಅವಳು ಬೈಯಲಿಲ್ಲ, ಬರಲೂ ಇಲ್ಲ. “ಬೆಳಕಿಗೆ ಕಾಣೂದು ಚರ್ಮ ಅಷ್ಟ,” ಎಂದು ಅಕ್ಕೋರು ಆ ಸಂಜೆ ತಮ್ಮಷ್ಟಕ್ಕೇ ಅಂದುಕೊಂಡರು. ಊಟ ಮಾಡಲಿಲ್ಲ.

ಮಲ್ಲಪ್ಪ ಹೋದ ಮೇಲೆ ಅವನ ತಮ್ಮ ಈರಪ್ಪ ಬಣ್ಣದ ಕೆಲಸ ಹಿಡಿದಿದ್ದ. ಮಲ್ಲಪ್ಪನ ಹೆಂಡತಿ ಗಂಗವ್ವ, ಅವಳ ಹಿರಿಯ ಮಗಳು ಅವನ ಜೊತೆಗೆ ಹಂಡೆಯ ಬಳಿ ನಿಂತು ದುಡಿಯುತ್ತಿದ್ದರು. ಅದೇ ಕೋಣೆ, ಅದೇ ಪುಡಿ. ಅಕ್ಕೋರಿಗೆ ಇದು ಗೊತ್ತಾದಾಗ ಚಡಪಡಿಸಿದರು. ಈರಪ್ಪನನ್ನು ದಾರಿಯಲ್ಲಿ ತಡೆದು ಒಮ್ಮೆ ಮನೆಗೆ ಬಾ ಎಂದರೆ ಅವನು ಮುಖ ತಿರುವಿಕೊಂಡು ಹೋದ. “ನಮ್ಮಣ್ಣನ್ನ ನೋಡಿದ್ದು ಸಾಕಾಗಿಲ್ಲೇನು?” ಎಂದನಂತೆ.

ಗಂಗವ್ವ ಒಂದು ಮಧ್ಯಾಹ್ನ ತಾನೇ ಬಂದಳು. ಆಗ ಅವಳಿಗೆ ಮೂವತ್ತೂ ದಾಟಿರಲಿಲ್ಲ. ಹೊಸ್ತಿಲು ದಾಟಿ ಒಳಗೆ ಬಂದು, ನೇರ ಕೇಳಿದಳು.

“ಅಕ್ಕೋರ, ನನ್ನ ಗಂಡನ ಮಾರಿಮ್ಯಾಲ ನೀವು ಏನ ಕಂಡ್ರಿ?”

ಅಕ್ಕೋರು ಮುಚ್ಚಿಡದೆ ಹೇಳಿದರು. ತುಟಿಯ ಬಣ್ಣ, ಉಗುರಿನ ಬಣ್ಣ, ಆ ಪುಡಿಯ ಮೇಲೆ ತಮಗಿರುವ ಅನುಮಾನ. ಬಲ್ಬಿನ ಹಳದಿ ಅದನ್ನು ಮುಚ್ಚುತ್ತದೆ ಎಂದರು. ಆ ಕೋಣೆಗೆ ಹಗಲು ಬರುವುದಿಲ್ಲ, ಮಳೆಗಾಲದ ಮೋಡದಲ್ಲಿ ನೀವು ಹೊರಗೆ ನಿಲ್ಲುವುದೂ ಕಡಿಮೆ, ಬರೀ ಬಾಯಲ್ಲಿ ಹೇಳಿದರೆ ಈರಪ್ಪ ನಂಬುವುದಿಲ್ಲ ಎಂದರು.

ಗಂಗವ್ವ ತೊಲೆಯ ಮೇಲಿನ ಟ್ಯೂಬನ್ನು ನೋಡಿದಳು. “ನಾವು ಇಲ್ಲಿ ಬರೂದಿಲ್ಲ. ಆ ದೀಪನ್ನ ನಮ್ಮ ಮನಿಗೆ ತರ್ರಿ,” ಎಂದಳು. “ನನ್ನ ಮನ್ಯಾಗ ಸಾವು ಕೂತೈತಿ ಅಂದ್ರ ನಾ ಅದರ ಮಾರಿ ನೋಡಬೇಕು.”

ಸಂಜೆ ಅಕ್ಕೋರು ತಾವೇ ಸ್ಟೂಲು ಹತ್ತಿ ಟ್ಯೂಬು ಬಿಚ್ಚಿದರು. ಪಟ್ಟಿ, ಚೋಕು ನನ್ನ ಕೈಗೆ ಕೊಟ್ಟರು. ಟ್ಯೂಬನ್ನು ಕೂಸಿನಂತೆ ಎದೆಗವಚಿಕೊಂಡು ಅವರು ಮುಂದೆ, ನಾನು ಹಿಂದೆ. ಓಣಿಯುದ್ದಕ್ಕೂ ಮಗ್ಗದ ಸಪ್ಪಳ ಕೇಳುತ್ತಿತ್ತು. ನಾವು ಹಾಯುತ್ತ ಹೋದಂತೆ ಒಂದೊಂದೇ ಮನೆಯ ಮಗ್ಗ ನಿಲ್ಲುತ್ತ ಬಂತು, ಬಾಗಿಲುಗಳು ಮುಚ್ಚುತ್ತ ಬಂದವು. ಗಂಗವ್ವನ ಮನೆ ಮುಟ್ಟುವ ಹೊತ್ತಿಗೆ ಇಡೀ ಓಣಿಯಲ್ಲಿ ನಮ್ಮ ಚಪ್ಪಲಿಯ ಸಪ್ಪಳ ಬಿಟ್ಟು ಮತ್ತೊಂದಿಲ್ಲ.

ಈರಪ್ಪ ಬಾಗಿಲಲ್ಲಿ ಅಡ್ಡ ನಿಂತ. ಗಂಗವ್ವ ಅವನ ರಟ್ಟೆ ಹಿಡಿದು ಸರಿಸಿದಳು. “ಸರಿಯೋ. ಹೋಗಿದ್ದು ನನ್ನ ಗಂಡ.”

ಬಣ್ಣದ ಕೋಣೆಯಲ್ಲಿ ಕಾಲಿಟ್ಟ ಕೂಡಲೇ ಸಿಹಿಯಾದ, ಗಂಟಲು ಹಿಡಿಯುವ ಒಂದು ವಾಸನೆ ಬಡಿಯಿತು. ಗೋಡೆಯೆಲ್ಲ ಕೆಂಪು ಚಿಮ್ಮಿತ್ತು. ಮೇಲಿನ ಬಲ್ಬಿಗೂ ಕೆಂಪು ಧೂಳು ಹತ್ತಿ, ಅದರ ಬೆಳಕಿನಲ್ಲಿ ಈರಪ್ಪ, ಗಂಗವ್ವ, ಅವಳ ಹಿರಿಯ ಮಗಳು ಎಲ್ಲರೂ ಬೆಂಕಿಯ ಮುಂದೆ ನಿಂತವರಂತೆ ಮೈಯೊಳಗೆ ರಕ್ತ ತುಂಬಿದವರಾಗಿ ಕಾಣುತ್ತಿದ್ದರು. ಕಾಲು ಬಾರದೆ ಹೊರಗಿನ ಕಟ್ಟೆಯ ಮೇಲೇ ಇರುತ್ತಿದ್ದ ಗಂಗವ್ವನ ಮುದಿ ಅತ್ತೆಯನ್ನೂ ಎತ್ತಿಕೊಂಡು ಬರಲು ಅಕ್ಕೋರು ಹೇಳಿದರು. ಸಣ್ಣ ಮಗ ಆ ಅಜ್ಜಿಯ ತೊಡೆಯ ಮೇಲೆ ಕೂತ.

ಅಕ್ಕೋರು ಟ್ಯೂಬಿನ ಪಟ್ಟಿಯನ್ನು ಗೂಟಕ್ಕೆ ಕಟ್ಟಿ, ವಾಯರು ಸಿಕ್ಕಿಸಿ, ಬಲ್ಬು ಆರಿಸಿದರು. ಕತ್ತಲಲ್ಲಿ ಹಂಡೆಯೊಳಗಿನ ನೀರು ಗುಳುಗುಳು ಎನ್ನುವುದು ಕೇಳಿಸುತ್ತಿತ್ತು.

ಬೆಳಕು ಮಿಂಚಿತು, ಆರಿತು, ಮಿಂಚಿತು. ಪ್ರತಿ ಮಿಂಚಿಗೂ ಎದುರಿನ ಮೂರು ಮುಖಗಳ ಬಣ್ಣ ಇಳಿಯುತ್ತ ಹೋದಂತೆ ಕಂಡಿತು. ಕೊನೆಗೆ ಬೆಳಕು ನಿಂತಿತು.

ಗೋಡೆಯ ಕೆಂಪೆಲ್ಲ ಕಪ್ಪಾಗಿತ್ತು. ಆ ಕಪ್ಪಿನ ಮುಂದೆ ಮೂವರು ನಿಂತಿದ್ದರು. ಬೂದಿ ಮುಖ, ಸೀಸದ ತುಟಿ. ಕಣ್ಣು ಮಾತ್ರ ಆಡುತ್ತಿದ್ದವು. ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದರು. ಗಂಗವ್ವ ಮಗನತ್ತ ಕೈ ಚಾಚಿದಳು. ಹುಡುಗ ತಾಯಿಯನ್ನು ನೋಡಿ ಚೀರಿ, ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡ. ಅವನಿಗೆ ಅವಳ ಗುರುತು ಹತ್ತಲಿಲ್ಲ.

ಅಕ್ಕೋರು ಮುದುಕಿಯ ಕೆನ್ನೆಯ ಪಕ್ಕ ಕೈ ಹಿಡಿದರು. ಆಮೇಲೆ ಈರಪ್ಪನ ಕೆನ್ನೆಯ ಪಕ್ಕ.

“ನಿಮ್ಮವ್ವನ ತುಟಿ ನೋಡಪಾ. ಈ ಕೂಸಿನ ತುಟಿ ನೋಡು. ಅವರು ಈ ಕ್ವಾಣ್ಯಾಗ ಬರೂದಿಲ್ಲ. ಬೆಳಕು ಎಲ್ಲಾರಿಗೂ ಒಂದ ಬಿದ್ದೈತಿ. ಸಾವು ಇದು ತಂದಿದ್ದಲ್ಲ.”

ಈರಪ್ಪ ಗೂಡಿನಲ್ಲಿದ್ದ ಕನ್ನಡಿ ತೆಗೆದು ನೋಡಿಕೊಂಡ. ಅದನ್ನು ಬೋರಲು ಇಟ್ಟ. “ನಡೀರಿ, ಯಾವ ಕಡೆ ಹೋಗಬೇಕು ಹೇಳ್ರಿ,” ಎಂದ. ಅವನ ದನಿ ಹುಡುಗನ ದನಿಯಾಗಿತ್ತು.

ಬಾಡಿಗೆಯ ಕಾರು ಮಾಡಿಕೊಂಡು ಬಾಗಲಕೋಟೆಯ ದವಾಖಾನೆಗೆ ಮೂವರನ್ನೂ ಕರೆದೊಯ್ದೆವು. ಅಲ್ಲಿ ಸೂಜಿ ಚುಚ್ಚಿ ತೆಗೆದ ರಕ್ತ ಕೆಂಪಗಿರಲಿಲ್ಲ, ಬೆಲ್ಲದ ಪಾಕದಂತೆ ಕಂದಾಗಿತ್ತು. ಡಾಕ್ಟರರು ಅದನ್ನು ಬಿಳಿ ಕಾಗದದ ಮೇಲೆ ತೊಟ್ಟಿಕ್ಕಿಸಿ, ಗಾಳಿಗೆ ಇಟ್ಟರೂ ಕೆಂಪಾಗುತ್ತಿಲ್ಲ ನೋಡಿ ಎಂದು ತೋರಿಸಿದರು. ಪುಡಿಯ ವಿಷ ಉಸಿರಿನಿಂದಲೂ ಚರ್ಮದಿಂದಲೂ ರಕ್ತಕ್ಕೆ ಇಳಿದಿದೆ, ಇನ್ನಷ್ಟು ದಿನ ಹೀಗೇ ಬಿಟ್ಟಿದ್ದರೆ ಕೈ ಮೀರುತ್ತಿತ್ತು ಎಂದರು. ನರಕ್ಕೆ ಒಂದು ನೀಲಿ ಔಷಧ ಏರಿಸಿದರು. ಗಟ್ಟಿ ನೀಲಿ, ಬಟ್ಟೆಗೆ ಹಾಕುವ ನೀಲಿಯಂಥದು. ಗಂಗವ್ವ ಅದು ತನ್ನ ತೋಳಿನೊಳಗೆ ಇಳಿಯುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. “ನಮ್ಮನ್ನೂ ಬಣ್ಣಕ್ಕ ಹಾಕಿದ್ರಲ್ರಿ,” ಎಂದಳು. ಮಲ್ಲಪ್ಪ ಹೋದ ಮೇಲೆ ಅಕ್ಕೋರು ನಕ್ಕದ್ದು ಅದೇ ಮೊದಲು.

ಮೂವರೂ ಉಳಿದರು. ಆ ಪುಡಿ ಹೊರಗೆ ಹೋಯಿತು, ಹಂಡೆಗಳು ಅಂಗಳಕ್ಕೆ ಬಂದವು. ಗೋಡೆಗೆ ಎರಡು ಕಿಟಕಿ ಒಡೆಸಿದರು. ಓಣಿಯ ಬೇರೆ ಬಣ್ಣಗಾರರೂ ಸದ್ದಿಲ್ಲದೆ ಹಾಗೇ ಮಾಡಿದರು.

ಇಷ್ಟಾದ ಮೇಲೆ ಊರು ಅವರನ್ನು ಹೊತ್ತು ಮೆರೆಸಿತು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಕಲ್ಲು ಬೀಳುವುದು ನಿಂತಿತು, ಪಾಠಕ್ಕೆ ಹುಡುಗಿಯರು ಬಂದರು. ಆದರೆ ಹೆದರಿಕೆ ಹೋಗಲಿಲ್ಲ, ಅದಕ್ಕೆ ಮರ್ಯಾದೆ ಬಂತು ಅಷ್ಟೇ. ಸಾವಿನ ಜೊತೆ ಮಾತಾಡಿ ಮೂವರನ್ನು ಬಿಡಿಸಿಕೊಂಡು ಬಂದವರು ಎಂದು ಕೈ ಮುಗಿಯುತ್ತಿದ್ದರು, ದೂರದಿಂದಲೇ. ವರ್ಷಗಳು ಕಳೆದಂತೆ ಮನೆಮನೆಗೂ ಟ್ಯೂಬ್‌ಲೈಟು ಬಂತು, ಮಗ್ಗದ ಮೇಲೂ ಬಂತು. ತಮ್ಮ ಮನೆಯ ಟ್ಯೂಬಿಗೆ ಯಾರೂ ಹೆದರಲಿಲ್ಲ, ಅಕ್ಕೋರ ಮನೆಯದಕ್ಕೆ ಮಾತ್ರ ಹೆದರಿದರು.

ಅಷ್ಟರಲ್ಲಿ ನನಗೆ ಬಾದಾಮಿಗೆ ವರ್ಗವಾಗಿತ್ತು, ಮದುವೆಯಾಗಿತ್ತು. ಎಂಬತ್ತರ ದಶಕದ ಕೊನೆಯಲ್ಲಿ ಒಮ್ಮೆ ನೋಡಲು ಹೋದಾಗ ಅವರು ನಿವೃತ್ತರಾಗಿದ್ದರು. ದುಬೈಯಲ್ಲಿ ಕೆಲಸಕ್ಕಿದ್ದ ಹಳೆಯ ವಿದ್ಯಾರ್ಥಿನಿಯ ಗಂಡ ತಂದುಕೊಟ್ಟ ಒಂದು ವಿಚಿತ್ರ ದೀಪ ತೋರಿಸಿದರು. ಗೇಣುದ್ದದ ಟ್ಯೂಬನ್ನು ಬಗ್ಗಿಸಿ ಜೋಡಿಸಿ, ಬಲ್ಬಿನ ಹೋಲ್ಡರಿಗೇ ಕೂರುವಂತೆ ಮಾಡಿದ್ದರು. ಅದನ್ನು ಹಚ್ಚಿ ನನ್ನನ್ನು ಮೀಟರಿನ ಬಳಿಗೆ ಎಳೆದುಕೊಂಡು ಹೋದರು.

“ನೋಡು, ಈಗ ಅಂಬೆಗಾಲು ಇಡತೈತಿ. ಬೆಳಕೂ ಅಷ್ಟು ಬೆಳ್ಳಗಿಲ್ಲ, ಹಳದಿ ಇಟ್ಟಾರ.” ತುಸು ಯೋಚಿಸಿ ಹೇಳಿದರು, “ಮುಂದ ಎಲ್ಲಾರೂ ಇದನ್ನ ಹಚ್ಚತಾರ ತಂಗಿ. ಕರೆಂಟ್ ಉಳೀತೈತಿ, ಮಾರಿನೂ ಚಲೋ ಕಾಣತಾವ. ಅದ ಅಂಜಿಕಿ ನನಗ.”

ಇಳಕಲ್ಲಿನಲ್ಲಿ ಬಸ್ಸಿಳಿದು ಓಣಿಗೆ ಹೋದೆ. ಅಕ್ಕೋರ ಮನೆಗೆ ಕೀಲಿ ಬಿದ್ದಿತ್ತು. ಹಿಂದಿನ ಮನೆಯ ಅಂಗಳದಲ್ಲಿ ಗಂಗವ್ವ ಕೆಂಪು ಲಡಿಗಳನ್ನು ಗಳಕ್ಕೆ ಹಾಕುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಕಡೆಯ ದಿನಗಳಲ್ಲಿ ಅಕ್ಕೋರನ್ನು ನೋಡಿಕೊಂಡವಳು ಅವಳೇ. ಕೈ ಒರೆಸಿಕೊಂಡು ಬಂದು ನನ್ನ ಪಕ್ಕ ಕೂತಳು. ನಾನು ಕೇಳಿದೆ, ಅವಳು ಹೇಳಿದಳು.

“ದಮ್ಮ ಭಾಳ ಹತ್ತಿತ್ರಿ. ದವಾಖಾನಿ ಒಲ್ಲೆ ಅಂದ್ರು. ಆವತ್ತ ಹೊತ್ತ ಮುಣಗಿತ್ತು. ಟ್ಯೂಬ್ ಹಚ್ಚು ಅಂದ್ರು, ಹಚ್ಚಿದೆ. ಗಂಗವ್ವಾ, ನನ್ನ ತುಟಿ ಹೆಂಗ ಅದಾವ ಹೇಳು ಅಂದ್ರು. ಸುಳ್ಳ ಹೇಳಬೇಕಂತ ಬಾಯಿ ತಗದೆ. ಅವರ ಮುಂದ ಸುಳ್ಳ ಹ್ಯಾಂಗ ಬರಬೇಕ್ರಿ? ಬೂದಿ ಆಗ್ಯಾವ್ರಿ ಅಕ್ಕೋರ ಅಂದೆ.”

“ಏನಂದ್ರು?”

“ಹಂಗಾರ ಆರಸು ಅಂದ್ರು. ಇನ್ನ ಸುಮ್ನ ಯಾಕ ಉರಸೂದು ಅಂದ್ರು. ಅಷ್ಟ, ಮತ್ತ ಮಾತಿಲ್ಲ.”

ಗಂಗವ್ವ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ನಾನು ನಂಬುವೆನೋ ಇಲ್ಲವೋ ಎಂದು ನೋಡುವವಳಂತೆ, ನಿಧಾನವಾಗಿ ಹೇಳಿದಳು.

“ಎದ್ದು ಹೋಗಿ ಆರಿಸಿದೆ. ಮನಿ ಎಲ್ಲಾ ಕತ್ತಲಿ. ಆದ್ರ ಅವರ ಮಾರಿ ಕಾಣತಿತ್ರಿ.”

“ಕಿಟಕಿ ತೆರೆದಿತ್ತೇನು ಗಂಗವ್ವಾ?”

“ಇಲ್ರಿ, ಮುಚ್ಚಿದ್ದೆ. ಓಣ್ಯಾಗೂ ಲೈಟ್ ಇರಲಿಲ್ಲ.” ಅವಳು ಗಳದ ಮೇಲಿನ ಕೆಂಪು ನೂಲಿನ ಕಡೆ ತಿರುಗಿದಳು. “ಅಂಜಿಕಿ ಬರಲಿಲ್ರಿ ನನಗ. ಮಗ್ಗಲದಾಗ ಕೂತು ನೋಡಕೋತ ಇದ್ದೆ, ಅದು ತಾನ ಆರೂತನಕ.”